ಅತ್ತೆಯ ತೊಗಲು, ಸೊಸೆಯ ತೊಗಲು

ದೊಡ್ಡ ತ್ಸುಜುಮಿಯ ತೊಗಲಿಗೆ ಬೆಂಕಿ ಬೇಕು, ಸಣ್ಣ ತ್ಸುಜುಮಿಯ ತೊಗಲಿಗೆ ಉಗುಳು ಬೇಕು. ನಮ್ಮೂರಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಐವತ್ತು ವರ್ಷದಿಂದ ದೊಡ್ಡದನ್ನು ಬಾರಿಸುತ್ತಿರುವ ನಾನು ಒಂದು ಮಧ್ಯಾಹ್ನ ಇದನ್ನು ಮರೆತೆ. ಮರೆತು ಏನು ಮಾಡಿದೆ ಎಂಬುದನ್ನು ನಾನೇ ಹೇಳಿಬಿಡುವುದು ವಾಸಿ. ಊರವರ ಬಾಯಿಗೆ ಬಿಟ್ಟರೆ ಉಪ್ಪು ಖಾರ ಹೆಚ್ಚಾಗುತ್ತದೆ.

ಎರಡೂ ಬರಿಗೈಯಲ್ಲಿ ಬಾರಿಸುವ ವಾದ್ಯಗಳೇ. ನಡು ಸಣ್ಣಗಿರುವ ಮರದ ಒಡಲು, ಎರಡು ತುದಿಗೂ ಕಬ್ಬಿಣದ ಬಳೆಗೆ ಬಿಗಿದ ಕುದುರೆ ತೊಗಲು, ಆ ಎರಡನ್ನೂ ಎಳೆದು ಹಿಡಿಯುವ ಕೇಸರಿ ಹುರಿ. ದೊಡ್ಡದನ್ನು ತೊಡೆಯ ಮೇಲಿಟ್ಟು ಹೊಡೆಯುತ್ತೇವೆ. ಆಟಕ್ಕೆ ಎರಡು ಗಂಟೆ ಮೊದಲು ಅದರ ತೊಗಲನ್ನು ಕೆಂಡದ ಪಕ್ಕ ಇಟ್ಟು ಗರಿಗರಿಯಾಗುವಂತೆ ಕಾಯಿಸಬೇಕು. ಆಗ ಅದು ‘ಕಾಂ!’ ಎನ್ನುತ್ತದೆ, ಎದುರಿಗಿದ್ದವರ ಹಲ್ಲು ಜುಮ್ಮೆನ್ನುತ್ತದೆ. ಹತ್ತು ಆಟ ಮುಗಿಯುವಷ್ಟರಲ್ಲಿ ತೊಗಲು ಹರಿದುಹೋಗುತ್ತದೆ. ಬಿಸಾಕಿ ಹೊಸದನ್ನು ಕಟ್ಟುತ್ತೇವೆ, ಅಳುವವರು ಯಾರೂ ಇಲ್ಲ.

ಸಣ್ಣದರ ಕಥೆಯೇ ಬೇರೆ. ಅದನ್ನು ಹೆಗಲ ಮೇಲೆ ಇಟ್ಟುಕೊಳ್ಳುತ್ತಾರೆ. ಹೊಡೆಯುವ ಮೊದಲು ತೊಗಲಿನ ಮೇಲೆ ‘ಹಾ’ ಎಂದು ಉಸಿರು ಬಿಡುತ್ತಾರೆ, ಕಾಗದದ ಚೂರಿಗೆ ಉಗುಳು ಹಚ್ಚಿ ಹಿಂಬದಿಗೆ ಅಂಟಿಸುತ್ತಾರೆ, ತೇವ ಸಾಲದೆಂದು ಮತ್ತೆ ಉಸಿರು ಬಿಡುತ್ತಾರೆ, ಕೂಸಿನ ಕೆನ್ನೆ ಸವರಿದಂತೆ ಸವರುತ್ತಾರೆ. ಇಷ್ಟೆಲ್ಲ ಉಪಚಾರ ಮಾಡಿದರೂ ಹೊಸ ತೊಗಲು ‘ಪೆತ್’ ಎನ್ನುವುದೇ ಹೊರತು ಬಾಯಿ ಬಿಡುವುದಿಲ್ಲ. ದಿನಾ ಹೊಡೆಯಬೇಕು. ನಲವತ್ತೈವತ್ತು ವರ್ಷ ಹೊಡೆದರೆ ಎಂದೋ ಒಂದು ದಿನ ‘ಪೊಂ’ ಎಂದೀತು, ಎನ್ನದೆಯೂ ಇದ್ದೀತು. ಒಮ್ಮೆ ಎಂದಿತೋ, ಆಮೇಲೆ ನೂರು ವರ್ಷ ಬಾಳುತ್ತದೆ. ನನ್ನ ತೊಗಲು ಹತ್ತು ಆಟಕ್ಕೆ ಸಾಯುತ್ತದೆ, ಅವಳ ತೊಗಲು ಐವತ್ತು ವರ್ಷಕ್ಕೆ ಹುಟ್ಟುತ್ತದೆ.

ಅವಳು ಎಂದರೆ ಕಿಯೊನೊ, ನನ್ನ ಹೆಂಡತಿ. ನಾನು ಯಸೊಜಿ, ಕೆಳಗಿನ ಕೇರಿಯ ತೋಫು ಮಾಡುವವನು. ನಮ್ಮೂರಿನ ಮುಖವಾಡದ ಆಟದಲ್ಲಿ ದೊಡ್ಡದು ಗಂಡಸರದು, ಸಣ್ಣದು ಹೆಂಗಸರದು. ಹಿಂದೆ ಎರಡೂ ಗಂಡಸರದೇ ಆಗಿತ್ತಂತೆ. ಯುದ್ಧಕ್ಕೆ ಗಂಡಸರು ಹೋದ ವರ್ಷ ದೇವರ ಆಟ ನಿಲ್ಲಬಾರದೆಂದು ನನ್ನಮ್ಮ ಹಿಸಾನೊ ಸಣ್ಣದನ್ನು ಹೆಗಲಿಗೇರಿಸಿದಳು. ಹೋದವರಲ್ಲಿ ಕೆಲವರು ತಿರುಗಿ ಬಂದು, ಇನ್ನು ಕೊಡಿ ಎಂದು ಕೇಳಿದರು. ‘ಅಕ್ಕಿ ಕೇಳು ಕೊಡ್ತೀನಿ, ಇದು ಮಾತ್ರ ಇಲ್ಲ’ ಎಂದಳಂತೆ ಅಮ್ಮ. ಅಲ್ಲಿಗೆ ಮಾತು ಮುಗಿಯಿತು.

ಅಮ್ಮ ಬಾರಿಸುತ್ತಿದ್ದ ತೊಗಲು ಅವಳ ಅಜ್ಜನ ಕಾಲದ್ದು. ಅದರ ‘ಪೊಂ’ ಕೇಳಿದರೆ ಬಾವಿಯೊಳಗೆ ಯಾರೋ ಹೆಸರು ಹಿಡಿದು ಕರೆದಂತೆ ಆಗುತ್ತಿತ್ತು. ಕಿಯೊನೊ ಮದುವೆಯಾಗಿ ಬರುವಾಗ ತನ್ನ ಪೆಟ್ಟಿಗೆಯಲ್ಲಿ ಹೊಚ್ಚ ಹೊಸ ತೊಗಲಿನ ಜೊತೆಯೊಂದನ್ನು ತಂದಿದ್ದಳು. ಅಮ್ಮ ಅದನ್ನು ಕಟ್ಟಿಸಿ ಒಂದೇ ಒಂದು ಸಲ ಹೊಡೆದು ನೋಡಿದಳು. ‘ಪೆತ್’ ಎಂದಿತು.

“ತೊಟ್ಟಿಲ ಕೂಸು” ಎಂದಳು ಅಮ್ಮ. “ದಿನಾ ಹೊಡಿ ಮಗಾ. ನಿನ್ನ ಮೊಮ್ಮಗಳ ಕಾಲಕ್ಕೆ ಮಾತಾಡುತ್ತೆ. ಅಲ್ಲೀ ತನಕ ಈ ಮನೆ ದನಿ ಅಂದ್ರೆ ನನ್ನ ತೊಗಲೇ.”

ಅಂದಿನಿಂದ ಆ ಜೊತೆಗೆ ‘ಕೂಸು’ ಎಂದೇ ಹೆಸರು. ತೋಫು ಮಾಡುವ ಕೋಣೆಯ ಗೂಟದ ಮೇಲೆ ಅದರ ಜಾಗ. ಬೆಳಗಿನ ಜಾವ ನಾನು ಸೋಯಾ ಕಾಳು ರುಬ್ಬಿ, ಕುದಿಸಿ, ಉಪ್ಪುನೀರು ಹಾಕಿ ತಿರುವುವ ಹೊತ್ತಿಗೆ ಅವಳು ಹಬೆಯ ಪಕ್ಕ ಕೂತು ಕೂಸನ್ನು ಹೊಡೆಯುತ್ತಾಳೆ. ನಲವತ್ತೊಂದು ವರ್ಷವಾಯಿತು, ಆ ಮಧ್ಯಾಹ್ನದ ತನಕ ಒಂದು ದಿನ ತಪ್ಪಿರಲಿಲ್ಲ. ಹೆರಿಗೆಯಾದ ಮರುದಿನವೂ ಹೊಡೆದಳು. ರಂಗದ ಮೇಲೆ ಮಾತ್ರ, ಅಮ್ಮ ತೀರಿಕೊಂಡ ಮೇಲೂ, ಬಾರಿಸಿದ್ದು ಅಮ್ಮನ ತೊಗಲನ್ನೇ. ಆಟ ಮುಗಿದಾಗೆಲ್ಲ ಊರವರು ಹೇಳುತ್ತಿದ್ದುದು ಒಂದೇ ಮಾತು: “ಹಿಸಾನೊ ದನಿ ಇನ್ನೂ ಹಾಗೇ ಇದೆ, ಪುಣ್ಯ.” ಕಿಯೊನೊ ತಲೆ ತಗ್ಗಿಸಿ ವಂದಿಸುತ್ತಿದ್ದಳು. ಅವಳ ಮುಖವನ್ನು ನಾನು ಸರಿಯಾಗಿ ನೋಡಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಇನ್ನು ಸರದಿಯ ವಿಷಯ ಹೇಳಬೇಕು. ಹಿಮದ ತಿಂಗಳ ಹಬ್ಬದಲ್ಲಿ, ಬೆಳಕು ಹರಿಯುವಾಗ, ಗುಡಿಯ ರಂಗದ ಮೇಲೆ ಎಲ್ಲಕ್ಕಿಂತ ಮೊದಲು ಸಣ್ಣ ತ್ಸುಜುಮಿಯ ಒಂದೇ ಒಂದು ಹೊಡೆತ ಬೀಳಬೇಕು. ದೇವರು ಏಳುವುದು ಅದನ್ನು ಕೇಳಿ. ಆ ಹೊಡೆತ ಹದಿಮೂರು ಮನೆಗಳಿಗೆ ಸರದಿಯ ಮೇಲೆ ಬರುತ್ತದೆ. ಕಳೆದ ಸಲ ನಮ್ಮ ಮನೆಗೆ ಬಂದಾಗ ಅಮ್ಮ ಬದುಕಿದ್ದಳು. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ತಾನೇ ಹೊಡೆದಳು, ಆ ವಸಂತದಲ್ಲೇ ಹೋದಳು. ಈ ವರ್ಷ ಸರದಿ ಮತ್ತೆ ನಮ್ಮದು. ಕಿಯೊನೊಗೆ ಅರವತ್ತೆರಡು. ಮುಂದಿನ ಸಲಕ್ಕೆ ಎಪ್ಪತ್ತೈದಾಗಿರುತ್ತದೆ, ಕೈ ಮಾತು ಕೇಳುವುದಿಲ್ಲ. ಅವಳ ಪಾಲಿಗೆ ಇರುವುದು ಇದೊಂದೇ ಹೊಡೆತ.

ಆದರೆ ಸರದಿ ಬಂದ ಮಾತ್ರಕ್ಕೆ ಹೊಡೆಯುವಂತಿಲ್ಲ. ಹಬ್ಬಕ್ಕೆ ಐದು ದಿನ ಮೊದಲು ಊರ ಹಿರಿಯ ಜಿನ್ನೈ ಅಜ್ಜ ಕಾಗದದ ಬಾಗಿಲ ಹಿಂದೆ ಕೂರುತ್ತಾನೆ. ಸರದಿಯ ಮನೆಯವಳು, ಮುಂದಿನ ಸರದಿಯ ಮನೆಯವಳು, ಇಬ್ಬರೂ ಹೊಡೆಯಬೇಕು. ಯಾವುದು ಯಾರದೆಂದು ಅಜ್ಜನಿಗೆ ಹೇಳುವುದಿಲ್ಲ. ದೇವರನ್ನು ಎಬ್ಬಿಸುವ ತೊಗಲು ಇದು ಎಂದು ಅವನು ಆರಿಸಿದ್ದೇ ಆರಿಸಿದ್ದು. ನಮ್ಮ ಮುಂದಿನ ಮನೆ ಮೇಲಿನ ಕೇರಿಯ ತಮಾಯೊಳದು. ಅವಳ ಗಂಡ ಕಿಚಿಜಿ, ಮೇಲಿನ ಕೇರಿಯ ದೊಡ್ಡ ತ್ಸುಜುಮಿಯವನು. ನನಗೂ ಅವನಿಗೂ ಹಾವು ಮುಂಗುಸಿ ಸ್ನೇಹ.

ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ತಾಲೀಮು ಇತ್ತು. ಒಲೆಗುಂಡಿಯ ಸುತ್ತ ಹಬ್ಬದ ತೋಫು ಕಡ್ಡಿಗಳನ್ನು ಚುಚ್ಚಿ ಸುಡಲು ಇಟ್ಟಿದ್ದೆ. ಕಿಯೊನೊ ಒಳಗಿನಿಂದ ಕೂಗಿ ಹೇಳಿದಳು: “ಏನ್ರೀ, ಅತ್ತೆ ತೊಗಲನ್ನ ಹಬೆ ಇರೋ ಕಡೆ ಇಡಿ. ನಿಮ್ಮದನ್ನ ಕೆಂಡದ ಹತ್ರ.” ಎರಡು ಗಂಟು, ಒಂದರಲ್ಲಿ ಅಮ್ಮನ ತೊಗಲು, ಇನ್ನೊಂದರಲ್ಲಿ ನನ್ನದು. ಎರಡನ್ನೂ ಅಮ್ಮನೇ ತನ್ನ ಒಂದೇ ಹಳೆಯ ನೇರಳೆ ಉಡುಪನ್ನು ಹರಿದು ಹೊಲಿದದ್ದು. ಅಷ್ಟರಲ್ಲಿ ಕಿಚಿಜಿ ತೋಫು ಒಯ್ಯಲು ಬಂದ. ಬಂದವನು ಸುಮ್ಮನೆ ಒಯ್ದನೇ?

“ಯಸೊಜಿ, ಹೋದ ವರ್ಷ ನಿನ್ನ ‘ಕಾಂ’ ಕೇಳಿದೆ ಮಾರಾಯ. ಯಾರೋ ತಟ್ಟೆ ಬೀಳಿಸಿದ್ರು ಅಂದ್ಕೊಂಡೆ.”

“ನಿಂದು ಕೇಳೋಕೆ ನಾನು ಕಾದೆ ಕಾದೆ, ನಿದ್ದೆ ಬಂತು” ಎಂದೆ.

“ನಿದ್ದೆ ಅಲ್ಲಪ್ಪ ಅದು, ಮೂರ್ಛೆ.”

ನನಗೆ ಪಿತ್ತ ನೆತ್ತಿಗೇರಿತು. ತೊಗಲು ಕಾಯಿಸುವುದು ಹೇಗೆಂದು ಇವನಿಗೆ ನಾನು ಕಲಿಸುತ್ತೇನೆ ಎಂದು, ಅವನನ್ನೇ ನೋಡುತ್ತ ಕೈಗೆ ಸಿಕ್ಕ ಗಂಟು ಬಿಚ್ಚಿದೆ, ಬಳೆಗಳನ್ನು ಕೆಂಡದ ಮಗ್ಗುಲಿಗೆ ಒರಗಿಸಿದೆ, ಕೆಂಡ ಕೆದಕಿದೆ. ನಮ್ಮ ವಾದ ಅಜ್ಜಂದಿರ ಕಾಲಕ್ಕೆ ಹೋಯಿತು, ಅಲ್ಲಿಂದ ಮುತ್ತಜ್ಜಂದಿರ ಕಾಲಕ್ಕೆ ಹೋಯಿತು. ಯಾರ ಮುತ್ತಜ್ಜ ಕುಡಿದು ರಂಗದಿಂದ ಬಿದ್ದಿದ್ದ ಎಂಬಲ್ಲಿಗೆ ಬಂದಾಗ ‘ಟಿಕ್’ ಎಂಬ ಸದ್ದಾಯಿತು. ತೋಫು ಸಿಡಿಯಿತು ಎಂದುಕೊಂಡೆ. ಕಿಚಿಜಿ ಮಾತು ನಿಲ್ಲಿಸಿ ಕೆಂಡದ ಕಡೆ ನೋಡಿದ. ಬಾಯಿ ಮುಚ್ಚಿ ಗೊತ್ತಿಲ್ಲದ ಮನುಷ್ಯನ ಬಾಯಿ ಮುಚ್ಚಿಹೋಯಿತು. ಆಗಲೇ ನನಗೆ ಗೊತ್ತಾದದ್ದು.

ಅಮ್ಮನ ತೊಗಲು ಅಂಚಿನಿಂದ ನಡುವಿನವರೆಗೆ ಸೀಳಿತ್ತು. ಜೊತೆಯದು ಒಣಗಿದ ಎಲೆಯ ಹಾಗೆ ಮುದುಡಿತ್ತು.

ಕಿಯೊನೊ ಬಂದಳು. ನೋಡಿದಳು. ಕಿರುಚಲಿಲ್ಲ. ಕಿರುಚಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಮಂಡಿಯೂರಿ ಕೂತು ಸೀಳಿದ ಬಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ಹದವಾಗಿ ಬೆಂದಿದೆ” ಎಂದಳು. “ಮಿಸೊ ಗೊಜ್ಜು ಹಚ್ಕೊಂಡು ತಿನ್ರಿ.”

ಕಿಚಿಜಿ ತೋಫು ಬಿಟ್ಟು, ಚಪ್ಪಲಿಯನ್ನೂ ಬಿಟ್ಟು, ಹಿಮದಲ್ಲಿ ಓಡಿದ.

ಆ ಸಂಜೆ ಅವಳು ಒಡೆದ ತೊಗಲನ್ನು ಮನೆಯ ಹಿರಿಯರ ಪೀಠದ ಮುಂದೆ ಇಟ್ಟು ಊದುಬತ್ತಿ ಹಚ್ಚಿದಳು. “ಅತ್ತೆ, ನಿಮ್ಮ ಮಗ” ಎಂದಷ್ಟೇ ಹೇಳಿ ಎದ್ದುಬಿಟ್ಟಳು. ನಾನು ಹಿಂದೆ ಕೂತು ಅತ್ತೆ. ಅಮ್ಮ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತೆ, ನಾಚಿಕೆ ಏನೂ ಇಲ್ಲ. ಮಾರನೆಯ ದಿನದಿಂದ ಊಟಕ್ಕೆ ಬಡಿಸಿದ್ದೆಲ್ಲ ಸುಟ್ಟದ್ದೇ. ಸುಟ್ಟ ಮೀನು, ಸುಟ್ಟ ಅಕ್ಕಿ ಉಂಡೆ, ಸುಟ್ಟ ಬದನೆಕಾಯಿ. “ಬೆಂಕಿ ಅಂದ್ರೆ ನಿಮಗೆ ಇಷ್ಟ ಅಲ್ವಾ” ಎನ್ನುವಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಮಾಡಿದವನು ಕಿಯೊನೊಳ ಕೈಯಲ್ಲಿ ಉಂಡಿರಲಾರ.

ಜಿನ್ನೈ ಅಜ್ಜನ ಪರೀಕ್ಷೆಗೆ ಹದಿನೈದು ದಿನವಿತ್ತು. ತೊಗಲು ಇಲ್ಲದಿದ್ದರೆ ಸರದಿ ಹೋಯಿತು. ಅವಳ ಒಂದೇ ಹೊಡೆತ ನನ್ನ ಬಾಯಿಚಪಲಕ್ಕೆ ಹೋಯಿತು. ಈ ಯೋಚನೆಯಲ್ಲಿ ನನಗೆ ತೋಫು ಸಹ ಗಟ್ಟಿಯಾಗಲಿಲ್ಲ.

ರೈಲು ಹಿಡಿದು ಪಟ್ಟಣಕ್ಕೆ, ತೊಗಲು ಕಟ್ಟುವ ಸೆಕಿಯಾ ಮುದುಕನ ಬಳಿಗೆ ಹೋದೆ. ಅವನು ಒಡೆದ ಬಳೆಯನ್ನು ಬೆಳಕಿಗೆ ಹಿಡಿದು, ಮೂಸಿ, ನನ್ನ ಮುಖ ನೋಡಿದ.

“ಇದನ್ನ ಸುಟ್ಟೋರು ಯಾರು?”

“ಒಬ್ಬ ಕತ್ತೆ” ಎಂದೆ.

“ದೊಡ್ಡ ತ್ಸುಜುಮಿ ಕತ್ತೆನಾ?”

“ಹೌದು ಸ್ವಾಮಿ.”

“ಮತ್ತೆ ಇನ್ಯಾವ ಕತ್ತೆಗೆ ಸಾಧ್ಯ” ಎಂದು ನಿಟ್ಟುಸಿರು ಬಿಟ್ಟ. “ಇದು ಮುಗೀತು. ಹೊಸದು ಬೇಕಾದ್ರೆ ಇವತ್ತೇ ಕೊಡ್ತೀನಿ, ಒಳ್ಳೇ ಮರಿಕುದುರೆದು. ಮಾತಾಡೋದು ಯಾವಾಗ ಅಂತ ಕೇಳ್ಬೇಡ. ಹಳೇದು ಯಾರೂ ಮಾರಲ್ಲ. ಮನೇಲಿ ಬೇರೆ ಜೊತೆ ಇಲ್ವಾ?”

“ಒಂದು ಕೂಸಿದೆ. ಅದು ಲೆಕ್ಕಕ್ಕಿಲ್ಲ” ಎಂದೆ.

ಹೊಸ ಜೊತೆಯೊಂದನ್ನು ಹಿಡಿದು ಮರಳಿದೆ. ಬರಿಗೈಯಲ್ಲಿ ಮನೆಗೆ ಹೋಗುವ ಧೈರ್ಯವಿರಲಿಲ್ಲ, ಅಷ್ಟೇ.

ಉಳಿದದ್ದು ಒಂದೇ ದಾರಿ, ತಮಾಯೊ. ಅವಳ ಬಳಿಯೂ ನೂರು ದಾಟಿದ ತೊಗಲಿದೆ. ಹುಡುಗಿಯಾಗಿದ್ದಾಗ ನನ್ನಮ್ಮನಲ್ಲೇ ಕಲಿತವಳು. ನನಗೂ ಅವಳಿಗೂ ಮದುವೆ ಮಾತು ಒಮ್ಮೆ ಎದ್ದು ಬಿದ್ದಿತ್ತು. ಬೀಳಿಸಿದ್ದು ನಾನಲ್ಲ, ಅವಳೇ. ಅಂಥವಳ ಮನೆಯ ಜಗಲಿಯಲ್ಲಿ ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ ಕೂತೆ. ಒಳಗೆ ಕಿಚಿಜಿ ಕೆಮ್ಮುತ್ತಿದ್ದ. ನಾನು ಅವನ ಚಪ್ಪಲಿ ತಂದುಕೊಟ್ಟಿದ್ದೆ, ಆದರೂ ಹೊರಗೆ ಬರಲಿಲ್ಲ.

“ತೊಗಲು ಬೇಕಾ?” ಎಂದಳು ತಮಾಯೊ. “ಕೊಡ್ತೀನಿ. ಪರೀಕ್ಷೆಗೆ ನನಗೆ ಇನ್ನೊಂದು ಎಳೇ ಜೊತೆ ಇದೆ, ಸಾಕು. ಅಷ್ಟು ಯಾಕೆ ನೆಲಕ್ಕೆ ಅಂಟ್ಕೊಂಡಿದ್ದೀಯ, ಏಳು. ಕಿಯೊನೊ ಸರದಿ ಕಿತ್ಕೊಂಡು ನಾನು ಹೊಡೆದ್ರೆ ದೇವರು ಎದ್ದರೂ ಆ ಕಡೆ ಮಗ್ಗುಲಾಗ್ತಾನೆ.”

ನನಗೆ ಕಣ್ಣಲ್ಲಿ ನೀರು ಬಂತು. ಆಗ ಅವಳು ಬೆರಳೆತ್ತಿದಳು.

“ಆದ್ರೆ ಒಂದು. ಊರ ಬಿಸಿನೀರಿನ ಮನೇಲಿ, ಎಲ್ಲರೂ ಇರೋ ಹೊತ್ತಲ್ಲಿ, ನನ್ನ ಗಂಡ ನಿನಗಿಂತ ಚೆನ್ನಾಗಿ ಬಾರಿಸ್ತಾನೆ ಅಂತ ನೀನು ಹೇಳಬೇಕು. ಗಟ್ಟಿಯಾಗಿ. ಇವರು ಇಪ್ಪತ್ತು ವರ್ಷದಿಂದ ಅದೊಂದು ಮಾತಿಗೆ ಕಾಯ್ತಿದ್ದಾರೆ. ಮನೇಲಿ ಇವರ ಗೋಳು ಕೇಳಿ ಕೇಳಿ ನನಗೆ ಸಾಕಾಗಿದೆ.”

ಒಳಗಿನ ಕೆಮ್ಮು ನಿಂತಿತು.

ನಾನು ಹೇಳಿದೆ. ಆ ಸಂಜೆಯೇ, ಹನ್ನೊಂದು ಜನ ಗಂಡಸರು ಕತ್ತಿನವರೆಗೆ ಬಿಸಿನೀರಿನಲ್ಲಿ ಮುಳುಗಿದ್ದಾಗ, ಒಂದು ಕೈವಸ್ತ್ರದ ಮರ್ಯಾದೆಯಲ್ಲಿ ಎದ್ದು ನಿಂತು, “ಮೇಲಿನ ಕೇರಿ ಕಿಚಿಜಿ ನನಗಿಂತ ಚೆನ್ನಾಗಿ ಬಾರಿಸ್ತಾನೆ” ಎಂದೆ. ಮೂಲೆಯಲ್ಲಿದ್ದ ಕಿಚಿಜಿ ಕೆಂಪಗಾಗಿ, “ಸರಿಯಾಗಿ ಕೇಳಿಸ್ಲಿಲ್ಲ” ಎಂದ. ಇನ್ನೊಮ್ಮೆ ಹೇಳಿದೆ. ಅವನು ನೀರೊಳಗೆ ಮುಳುಗಿ ಬಹಳ ಹೊತ್ತು ಮೇಲೆ ಬರಲಿಲ್ಲ. ಅಲ್ಲೇ ಅತ್ತಿರಬೇಕು.

ತಮಾಯೊಳ ತೊಗಲನ್ನು ಎದೆಗೆ ಅವುಚಿಕೊಂಡು ಮನೆಗೆ ಬಂದೆ. ಕಿಯೊನೊಳ ಮುಂದೆ ಇಟ್ಟು, ಮಾಡಿದ್ದೆಲ್ಲ ಹೇಳಿದೆ. ಬಿಸಿನೀರಿನ ಮನೆಯ ಭಾಗಕ್ಕೆ ಬಂದಾಗ ಅವಳ ತುಟಿ ಒಂದಿಷ್ಟು ಅಲುಗಿತು. ನಗು ಬಂತು, ಗೆದ್ದೆ ಎಂದುಕೊಂಡೆ. ಅವಳು ಗಂಟನ್ನು ಮತ್ತೆ ಕಟ್ಟಿ ನನ್ನ ಕಡೆ ತಳ್ಳಿದಳು.

“ತಮಾಯೊಗೆ ವಾಪಸ್ ಕೊಡಿ. ಒಳ್ಳೇ ಮನಸ್ಸಿನೋಳು, ನಾನೇ ಹೋಗಿ ಕೈ ಮುಗೀತೀನಿ. ಆದ್ರೆ ಇದು ನನಗೆ ಬೇಡ.”

“ಬೇಡ? ಬೆತ್ತಲೆ ನಿಂತು ಬಂದಿದ್ದೀನಿ ಕಣೇ!”

“ನಿಂತಿದ್ದಕ್ಕೆ ಇವತ್ತು ಬೇಯಿಸಿದ ಅಡುಗೆ ಹಾಕ್ತೀನಿ.” ಆಮೇಲೆ ಅವಳ ದನಿ ಬದಲಾಯಿತು. “ಇಪ್ಪತ್ತೊಂಬತ್ತು ವರ್ಷ ಅತ್ತೆ ಪಕ್ಕ ಕೂತು ಕಲಿತೆ. ಹನ್ನೆರಡು ವರ್ಷ ಅತ್ತೆ ತೊಗಲು ಹೊಡೆದೆ. ಜನ ಅತ್ತೆ ದನಿ ಅಂದ್ರು, ತಲೆ ಬಗ್ಗಿಸಿದೆ. ಈಗ ತಮಾಯೊ ದನಿ ಅನ್ನಿಸ್ಕೊಳ್ಲಾ? ನನ್ನ ಕೈಗೂ ಒಂದು ದನಿ ಅಂತ ಇದೆಯೋ ಇಲ್ವೋ, ಅದು ನನಗೆ ಗೊತ್ತಾಗ್ಬೇಕು. ಕೂಸನ್ನೇ ತಗೊಂಡು ಹೋಗ್ತೀನಿ.”

“ಕೂಸು ಮೂಗಿ ಕಣೇ!”

“ನೀವು ಯಾವತ್ತು ಕೇಳಿದ್ದೀರಿ?”

ತೋಫು ಕೋಣೆಯಲ್ಲಿ ರುಬ್ಬುವ ಯಂತ್ರ, ಹಬೆ, ರೇಡಿಯೊ, ನನ್ನದೇ ಗೊಣಗಾಟ. ಅವಳು ಹೊಡೆಯುವುದನ್ನು ದಿನಾ ನೋಡಿದ್ದೆ. ಕೇಳಿದ್ದೆನೋ ಇಲ್ಲವೋ ನೆನಪಿಲ್ಲ. ನಲವತ್ತೊಂದು ವರ್ಷ ಪಕ್ಕದಲ್ಲಿದ್ದವನು ಹೇಳುವ ಮಾತೇ ಇದು? ಆದರೂ ‘ಕೂಸು’ ಎಂದರೆ ನನಗೆ ಅಮ್ಮ ಅಂದು ಹೊಡೆದ ಆ ‘ಪೆತ್’ ಮಾತ್ರ ನೆನಪಾಗುತ್ತಿತ್ತು.

“ಅದು ಎದ್ದಿದೆಯಾ?” ಎಂದು ಕೇಳಿದೆ.

“ಎದ್ದಿದೆ ಅಂತ ನನಗನ್ಸುತ್ತೆ” ಎಂದಳು. “ಆದ್ರೆ ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೇ ಕಾಗದದ ಬಾಗಿಲು ಇರೋದು.”

ಮೊದಲು ಹೊಡೆದು ತೋರಿಸು ಎಂದು ಬೇಡಿದೆ. ಹೂಂ ಎನ್ನಲಿಲ್ಲ. ಮರುದಿನದಿಂದ ಬೆಳಗ್ಗೆ ನನ್ನನ್ನು ಕೋಣೆಯ ಹತ್ತಿರವೂ ಬಿಡದೆ, ಬಾಗಿಲು ಹಾಕಿಕೊಂಡು ತಾನೇ ಹೊಡೆದಳು. ನಾನು ಹಿಮ ಗೋರುತ್ತ ಅಂಗಳದಲ್ಲಿ ನಿಂತೆ. ಬಾಗಿಲಿಗೆ ಕಿವಿ ಕೊಡೋಣವೆಂದರೆ ಒಳಗಿನಿಂದಲೇ “ಹೆಜ್ಜೆ ಸದ್ದು ಕೇಳ್ತಿದೆ!” ಎಂದು ಗದರುತ್ತಿದ್ದಳು.

ಪರೀಕ್ಷೆಯ ದಿನ ಬಂತು. ಗುಡಿಯ ಹಿಂದಿನ ಮನೆಯಲ್ಲಿ ಜನ ಕಿಕ್ಕಿರಿದಿದ್ದರು. ಹಿಸಾನೊಳ ತೊಗಲು ಸುಟ್ಟ ಸುದ್ದಿ ಜಿನ್ನೈ ಅಜ್ಜನ ಕಿವಿಯೊಂದನ್ನು ಬಿಟ್ಟು ಉಳಿದೆಲ್ಲರ ಕಿವಿಗೂ ಬಿದ್ದಿತ್ತು. ತೊಂಬತ್ತೊಂದರ ಅಜ್ಜನಿಗೆ ಕಣ್ಣು ಮಂಜು, ಹಲ್ಲು ಎರಡೇ, ಆದರೆ ಕಿವಿ ಇಪ್ಪತ್ತರದು. ಅವನು ಕಾಗದದ ಬಾಗಿಲ ಆಚೆ ಕೂತ. ಈಚೆ ಇಬ್ಬರು ಹೆಂಗಸರು. ನಾನು ಗೋಡೆಗೆ ಒರಗಿ ನಿಂತಿದ್ದೆ. ತಮಾಯೊಳ ಗಂಟನ್ನು ನಾನೇ ಹಿಂದಿರುಗಿಸಿದ್ದೆನಲ್ಲ, ಆ ಮೂರ್ಖತನಕ್ಕೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಕಿಚಿಜಿ ಮೆಲ್ಲನೆ ಬಂದು ನನ್ನ ಪಕ್ಕ ನಿಂತ.

“ಭಯ ಆಗ್ತಿದೆಯಾ?” ಎಂದು ಪಿಸುಗುಟ್ಟಿದ.

“ಆಗ್ತಿದೆ.”

“ನನಗೂ ಕಣೋ.” ಅವನು ನನ್ನ ತೋಳು ಹಿಡಿದುಕೊಂಡ.

ಮೊದಲು ತಮಾಯೊ ಹೊಡೆದಳು. ‘ಪೊಂ’ ಎಂದಿತು. ತುಂಬಿದ, ಪಳಗಿದ, ಎಂದೂ ಕೆಡದ ದನಿ. ಬೇಕೆಂದೇ ಕೆಟ್ಟದಾಗಿ ಹೊಡೆಯುವ ಹೆಂಗಸಲ್ಲ ಅವಳು, ಹಾಗೆ ಮಾಡಿದ್ದರೆ ಕಿಯೊನೊ ಅವಳ ಮುಖ ನೋಡುತ್ತಿರಲಿಲ್ಲ. ಬಾಗಿಲ ಆಚೆಯಿಂದ “ಹ್ಞಾಂ” ಎಂದ ಅಜ್ಜ. ಮೆಚ್ಚಿಕೆಯ ಹ್ಞಾಂ.

ಕಿಯೊನೊ ಕೂಸನ್ನು ಎತ್ತಿಕೊಂಡಳು. ತೊಗಲಿಗೆ ಉಸಿರು ಬಿಟ್ಟಳು. ಕಾಗದದ ಚೂರನ್ನು ನಾಲಿಗೆಗೆ ತಾಗಿಸಿ ಹಿಂಬದಿಗೆ ಒತ್ತಿದಳು, ತೆಗೆದು ಇನ್ನೂ ಸಣ್ಣದಾಗಿ ಹರಿದು ಮತ್ತೆ ಒತ್ತಿದಳು. ಹೆಗಲಿಗೇರಿಸಿದಳು. ಎಡಗೈ ಹುರಿ ಹಿಂಡಿತು. ಬಲಗೈ ಕೆಳಗಿನಿಂದ ಮೇಲೆದ್ದು ಬಡಿಯಿತು.

ಆ ಸದ್ದು ಹೇಗಿತ್ತೆಂದು ಹೇಳುವ ಮೊದಲು ನನ್ನ ಬಲಗೈ ಏನು ಮಾಡಿತೆಂದು ಹೇಳಬೇಕು. ತೋಫುವಿಗೆ ಉಪ್ಪುನೀರು ಹಾಕಿದ ಮೇಲೆ ಸೌಟಿನಿಂದ ಮೂರು ಸುತ್ತು ತಿರುವಿ, ಸರಿಯಾದ ಕ್ಷಣಕ್ಕೆ ಸೌಟನ್ನು ಅಡ್ಡ ಹಿಡಿದು ಸುಳಿ ನಿಲ್ಲಿಸಬೇಕು. ಆ ಕ್ಷಣ ಹೇಗೆ ಗೊತ್ತಾಗುತ್ತದೆ ಎಂದು ಯಾರಾದರೂ ಕೇಳಿದರೆ, ಅದು ಕೈಗೆ ಗೊತ್ತು, ನನಗೆ ಗೊತ್ತಿಲ್ಲ ಎಂದು ಜಂಬ ಕೊಚ್ಚುತ್ತಿದ್ದೆ. ಕಿಯೊನೊ ಹೊಡೆದದ್ದೇ ತಡ, ಅಷ್ಟು ಜನರ ನಡುವೆ, ಇಲ್ಲದ ಸೌಟನ್ನು ನನ್ನ ಕೈ ಅಡ್ಡ ಹಿಡಿದು ನಿಂತಿತು. ಕಿಚಿಜಿ ಬೆಚ್ಚಿ ಪಕ್ಕಕ್ಕೆ ಸರಿದ.

ನನಗೆ ಆ ದನಿ ಗೊತ್ತಿತ್ತು. ವರ್ಷಗಳಿಂದ ನನ್ನ ತೋಫು ಗಟ್ಟಿಯಾಗುತ್ತಿದ್ದುದು ಅದನ್ನು ಕೇಳಿಯೇ. ಈ ಹದಿನೈದು ದಿನ ಅದು ಗಟ್ಟಿಯಾಗದಿದ್ದುದು ಅವಳು ಮೊದಲು ದುಃಖಕ್ಕೆ ಹೊಡೆಯದೆ, ಆಮೇಲೆ ನನ್ನನ್ನು ಹೊರಗೆ ನಿಲ್ಲಿಸಿ ಹೊಡೆದದ್ದಕ್ಕೆ. ಕಿವಿಗೆ ಬಿದ್ದದ್ದು ಕೈಗೆ ಹೋಗಿತ್ತು, ತಲೆಗೆ ಹೋಗಿರಲಿಲ್ಲ. ಅಮ್ಮನ ತೊಗಲಿನ ಬಾವಿಯ ದನಿ ಅಲ್ಲ ಇದು. ಇನ್ನೂ ಎಳೆಯದು, ಸ್ವಲ್ಪ ಎತ್ತರದ್ದು, ಹೊತ್ತಿಗೆ ಮುಂಚೆ ಎದ್ದು ನಗುವವಳ ದನಿ. ನೂರಕ್ಕೆ ನೂರು ಅವಳದು.

ಆಮೇಲೆ ಅಜ್ಜ ಗಂಟಲು ಸರಿಮಾಡಿಕೊಂಡ.

“ಮೊದಲನೇದು ಗೊತ್ತಾಯ್ತು, ನಮ್ಮ ತಮಾಯೊದು. ಎರಡನೇದು ಯಾರದು?”

ಯಾರೂ ಹೇಳುವಂತಿರಲಿಲ್ಲ.

“ಹಿಸಾನೊದಲ್ಲ. ನಾನು ಹುಟ್ಟಿದಾಗಿನಿಂದ ಈ ಊರಿನ ಹದಿಮೂರು ಮನೆ ದನಿನೂ ಕೇಳಿದ್ದೀನಿ. ಇದನ್ನ ಕೇಳಿಲ್ಲ. ಇದು ಯಾವುದಪ್ಪ ಹೊಸ ಮನೆ?” ಎಂದ. “ಯಾವುದಾದರೂ ಆಗ್ಲಿ, ಇದೇ ಹೊಡೀಲಿ. ದೇವರಿಗೂ ಹಳೇದೇ ಕೇಳಿ ಕೇಳಿ ಬೇಜಾರಾಗಿರುತ್ತೆ” ಎಂದ.

“ಕಿಯೊನೊದು!” ಎಂದು ನಾನು ಕಿರುಚಿದೆ. ನಿಯಮ ಮುರಿದೆನೆಂದು ಯಾರೋ ತಲೆಗೆ ಮೊಟಕಿದರು, ತಮಾಯೊ ಇರಬೇಕು. “ಕಿಯೊನೊ ದನಿ ಅಜ್ಜಾ! ನನ್ನ ಹೆಂಡತಿದು!”

ಕಿಯೊನೊ ಕೂಸನ್ನು ಹೆಗಲಿನಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡು ಎಲ್ಲರೆದುರು ಅಳುತ್ತ ನಗುತ್ತಿದ್ದಳು. ಈ ಸಲ ತಲೆ ತಗ್ಗಿಸಲಿಲ್ಲ. ನಾನು ಅವಳ ಮುಖವನ್ನು ಕಣ್ತುಂಬ ನೋಡಿದೆ.

ಹಬ್ಬದ ಬೆಳಗ್ಗೆ ಹಿಮ ಬೀಳುತ್ತಿತ್ತು. ಅವಳ ಪಕ್ಕದಲ್ಲೇ ನನ್ನ ಜಾಗ. ಅವಳು ಆ ಒಂದು ಹೊಡೆತ ಹೊಡೆದಳು, ದೇವರು ಎದ್ದನೆಂದೇ ನನ್ನ ನಂಬಿಕೆ. ಅದರ ಬೆನ್ನಿಗೆ ನಾನು ‘ಹೋ’ ಎಂದು ಕೂಗಿ ‘ಕಾಂ’ ಎನಿಸಬೇಕಿತ್ತು. ಅವಳನ್ನೇ ನೋಡುತ್ತ ಕೂತುಬಿಟ್ಟೆ, ‘ಹೋ’ ಅರ್ಧಕ್ಕೇ ನಿಂತಿತು. ಮೇಲಿನ ಕೇರಿಯ ಸಾಲಿನಿಂದ ಕಿಚಿಜಿ ಉಳಿದರ್ಧವನ್ನು ಕೂಗಿ ತುಂಬಿದ. ಆ ಉಪಕಾರವನ್ನು ಅವನು ಸಾಯುವ ತನಕ ಆಡಿಕೊಳ್ಳುತ್ತಾನೆ, ಆಡಿಕೊಳ್ಳಲಿ.

ಮನೆಗೆ ಬಂದ ಮೇಲೆ ನಾನು ಕೇಳಿದೆ, “ನನ್ನನ್ನ ಕ್ಷಮಿಸಿದ್ಯಾ?”

“ಬೇಕು ಅಂತಲೇ ಸುಟ್ಟಿದ್ರೆ, ನನಗೋಸ್ಕರ ಸುಟ್ರಿ ಅಂತ ಕಾಲಿಗೆ ಬೀಳ್ತಿದ್ದೆ” ಎಂದಳು. “ಅಷ್ಟು ಬುದ್ಧಿ ನಿಮಗಿಲ್ಲ, ಗೊತ್ತು. ಅದಕ್ಕೇ ಒಂದು ಶಿಕ್ಷೆ ಇದೆ.”

ಸೆಕಿಯಾ ಮುದುಕನಿಂದ ನಾನು ತಂದಿದ್ದ ಹೊಸ ಜೊತೆಯನ್ನು ಅಮ್ಮನ ಮರದ ಒಡಲಿಗೆ ಕಟ್ಟಿ ನನ್ನ ಕೈಗಿಟ್ಟಳು.

“ಒಂದು ತೊಗಲು ಕೊಂದ್ರಿ, ಒಂದು ತೊಗಲು ಬೆಳೆಸಿ. ಮೊಮ್ಮಗಳಿಗೆ ಆಗುತ್ತೆ.”

ಈಗ ಬೆಳಗಿನ ಜಾವ ಯಂತ್ರವನ್ನೂ ರೇಡಿಯೊವನ್ನೂ ನಿಲ್ಲಿಸುತ್ತೇನೆ. ಮೊದಲು ಅವಳು ತನ್ನದನ್ನು ಹೊಡೆಯುತ್ತಾಳೆ, ನಾನು ಸೌಟು ಹಿಡಿದು ಕೇಳುತ್ತೇನೆ, ತೋಫು ಚೆನ್ನಾಗಿ ಕೂರುತ್ತದೆ. ಆಮೇಲೆ ನನ್ನ ಪಾಳಿ. ಕೆಂಡದ ಕೈಯವನು ನಾನು. ಉಸಿರು ಬಿಟ್ಟು, ಕಾಗದಕ್ಕೆ ಉಗುಳು ಹಚ್ಚಿ, ಹೆಗಲಿಗೇರಿಸಿ ಹೊಡೆಯುತ್ತೇನೆ. ಈಗ ಅರವತ್ತಾರು, ಅದು ಬಾಯಿ ಬಿಡುವ ಹೊತ್ತಿಗೆ ನನಗೆ ನೂರ ಹದಿನಾರಾಗಿರುತ್ತದೆ.

‘ಪೆತ್’ ಎನ್ನುತ್ತದೆ.

“ಇನ್ನೊಂದ್ಸಲ” ಎನ್ನುತ್ತಾಳೆ ಕಿಯೊನೊ.